ಕರೆಂಟ್ ಹೋದರೂ ಉಳಿದ ಅಂಕಿ

ಉಕ್ಕಿನ ಗುಂಡು ಮತ್ತೆ ನಡುವಿನ ಸಂದಿಯ ಕಡೆಗೇ ಜಾರತೊಡಗಿತು. ಇನ್‌ಸ್ಪೆಕ್ಟರ್ ಚನ್ನರಾಯಪ್ಪ ಎರಡು ಪಕ್ಕದ ಬಟನ್‌ಗಳನ್ನೂ ಒಟ್ಟಿಗೆ ಒತ್ತಿದರು. ಗಾಜಿನ ಕೆಳಗಿನ ಪುಟ್ಟ ರೆಕ್ಕೆಗಳು ಖಾಲಿ ಜಾಗಕ್ಕೆ ಬಡಿದು ಸುಮ್ಮನಾದವು. ಸಿಟ್ಟು ತಡೆಯದೆ ಅವರು ಮೆಷಿನ್ನನ್ನೇ ಹಿಡಿದು ಅಲುಗಿಸಿದರು.

ತಕ್ಷಣ 'ಟಿಲ್ಟ್' ಎಂಬ ಅಕ್ಷರಗಳು ಹೊತ್ತಿಕೊಂಡವು. ರೆಕ್ಕೆಗಳು ಸತ್ತವು. ಗುಂಡು ಯಾರ ಅಡ್ಡಿಯೂ ಇಲ್ಲದೆ ಹೊಟ್ಟೆಯೊಳಕ್ಕೆ ಇಳಿದುಹೋಯಿತು.

"ಅಷ್ಟೊಂದು ಅಲ್ಲಾಡಿಸಬಾರ್ದು ಸಾರ್," ಎಂದರು ಭಾರತಮ್ಮ, ದೋಸೆ ಕಲ್ಲಿನ ಹಿಂದಿನಿಂದ. "ಒಂಚೂರು ತಳ್ಳಿದ್ರೆ ಸುಮ್ನಿರುತ್ತೆ. ಜಾಸ್ತಿಯಾದ್ರೆ ಮುನಿಸ್ಕೊಳ್ಳುತ್ತೆ."

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಪಕ್ಕದ ಆ ಹೋಟೆಲಿನಲ್ಲಿ ಬೆಳಗಿನ ಗಿರಾಕಿಗಳು ಕರಗಿದ್ದರು. ಹೊರಗೆ ಮಾವಿನ ಮಂಡಿಗೆ ಹೋಗುವ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಲೋಡಿಗಾಗಿ ಕಾಯುವ ಡ್ರೈವರುಗಳು ಹೊತ್ತು ಕಳೆಯಲೆಂದೇ ಭಾರತಮ್ಮ ಈ ಹಳೆಯ ಪಿನ್‌ಬಾಲ್ ಮೆಷಿನ್ನನ್ನು ಕೊಂಡು ತಂದು ಮೂಲೆಯಲ್ಲಿ ನಿಲ್ಲಿಸಿದ್ದರು. ಊರಿನವರ ಬಾಯಲ್ಲಿ ಅದು ಗೋಲಿ ಮೆಷಿನ್.

ಮೆಷಿನ್ನು ಬಂದದ್ದು ಕೋಲಾರದಿಂದ, ಕ್ಲಾಕ್ ಟವರ್ ಹತ್ತಿರದ ಮಹಡಿಯ ಮೇಲೆ ಮುನಿಯಲ್ಲಪ್ಪ ನಡೆಸುತ್ತಿದ್ದ ಆಟದ ಹಾಲಿನಿಂದ. ಆ ಮುನಿಯಲ್ಲಪ್ಪ ಹೋದ ವಾರ, ಕರೆಂಟು ಹೋದ ಸಂಜೆಯೊಂದರಲ್ಲಿ, ತನ್ನ ಹಾಲಿನಲ್ಲೇ ತಲೆಗೆ ಏಟು ಬಿದ್ದು ಸತ್ತಿದ್ದ. ಮಾಲೂರಿನ ಕದಿರೇಶನೆಂಬ ಆಟಗಾರ ಲಾಕಪ್ಪಿನಲ್ಲಿದ್ದ.

ಚನ್ನರಾಯಪ್ಪನವರು ಇಲ್ಲಿಗೆ ಬಂದದ್ದು ಜಗಳದ ಕಾರಣ ಹುಡುಕಿಕೊಂಡು. ಕದಿರೇಶನಿಗೂ ಮುನಿಯಲ್ಲಪ್ಪನಿಗೂ ಜಗಳ ಹತ್ತಿದ್ದೇ ಈ ಹಳೆಯ ಮೆಷಿನ್ನನ್ನು ಮಾರಿದ್ದಕ್ಕೆ ಎಂದು ಕ್ಲಾಕ್ ಟವರ್ ಸುತ್ತಮುತ್ತಲಿನ ಅಂಗಡಿಯವರೆಲ್ಲ ಒಂದೇ ಬಾಯಲ್ಲಿ ಹೇಳಿದ್ದರು. ಡಿ.ವೈ.ಎಸ್.ಪಿ. ಸಾಹೇಬರಿಗೆ ಅಷ್ಟು ಸಾಕಾಗಿತ್ತು. ಚನ್ನರಾಯಪ್ಪನವರಿಗೆ ಸಾಲದು.

ಆದರೆ ಭಾರತಮ್ಮ ಹೇಳಿದ್ದು ಆ ಕಾರಣವನ್ನೂ ಕಿತ್ತುಹಾಕಿತು. ಮೆಷಿನ್ನು ಲಾರಿ ಹತ್ತುವಾಗ ಕದಿರೇಶ ಕೂಗಾಡಿದ್ದು ನಿಜವಂತೆ. ಆಮೇಲೆ ತಾನೇ ಆ ಲಾರಿ ಹತ್ತಿಕೊಂಡು ಬಂದು, ನಾಲ್ಕೂ ಕಾಲುಗಳ ಮಟ್ಟ ನೋಡಿ, ನೆಲ ಓರೆಯಿದ್ದ ಕಡೆ ತಗಡಿನ ಚೂರು ಕೊಟ್ಟು ಕೂರಿಸಿದ್ದನಂತೆ. ದೋಸೆ ತಿಂದು, ಮಾಲೀಕನ ಮೇಲೆ ಸಿಟ್ಟೇನೂ ಇಲ್ಲ, ಅವರ ಅಂಗಡಿ ಅವರಿಷ್ಟ ಎಂದು ಹೇಳಿ ಬಸ್ಸು ಹತ್ತಿದನಂತೆ.

"ಮತ್ತೆ ಕೂಗಾಡಿದ್ದು ಯಾಕೆ?"

"ಇದರ ಬದಲು ತಂದ ಹೊಸ ಮೆಷಿನ್ನು ಅವನಿಗೆ ಸರಿಬರ್ಲಿಲ್ಲ ಸಾರ್. ಹಳೇದಕ್ಕೆ ಮೈ ಗೊತ್ತಾಗುತ್ತೆ ಅನ್ನೋನು. ಸೊಂಟದಲ್ಲಿ ಹೀಗೆ ಒಂದು ಒತ್ತು ಕೊಟ್ರೆ ಗುಂಡು ಮಾತು ಕೇಳುತ್ತೆ, ಹೊಸದಕ್ಕೆ ಮನುಷ್ಯ ಇದ್ದಾನೋ ಇಲ್ವೋ ಅನ್ನೋ ಪರಿವೆಯೇ ಇಲ್ಲ, ಅಂತ. ಇಲ್ಲೇ ನಿಂತ್ಕೊಂಡು ಅದನ್ನೇ ಹೇಳ್ತಿದ್ದ."

ಇನ್‌ಸ್ಪೆಕ್ಟರಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಒಂದು ವಾರದಿಂದ ಈ ಕೇಸಿನಲ್ಲಿ ಹಿಡಿದದ್ದೆಲ್ಲ ಹೀಗೆಯೇ ಬೆರಳ ಸಂದಿಯಲ್ಲಿ ಜಾರುತ್ತಿತ್ತು. ಏಟು ಹೊಡೆದ ವಸ್ತು ಸಿಕ್ಕಿರಲಿಲ್ಲ. ಹಾಲಿನ ಬೆರಳಚ್ಚುಗಳು ಅರ್ಧ ಕೋಲಾರದವು. ಕದಿರೇಶನೋ, ಕರೆಂಟು ಹೋಗುವ ಮೊದಲೇ ಹೊರಟಿದ್ದೆ ಎನ್ನುವ ಒಂದು ಮಾತು ಬಿಟ್ಟು ಬೇರೆ ಬಾಯಿ ಬಿಡುತ್ತಿರಲಿಲ್ಲ. ಗದರಿಸಿದರೂ ಅಷ್ಟೇ, ಕಾಫಿ ಕೊಟ್ಟು ಕೇಳಿದರೂ ಅಷ್ಟೇ.

ಉಳಿದದ್ದು ಒಬ್ಬನೇ ಸಾಕ್ಷಿ: ಸತ್ತವನ ಹೆಂಡತಿ ಅನಸೂಯಮ್ಮನ ತಮ್ಮ, ಮುಳಬಾಗಿಲಿನ ಪೆದ್ದಪ್ಪ. ಆತನ ಹೇಳಿಕೆ ಮಾತ್ರ ಕಲ್ಲಿನಂತೆ ಗಟ್ಟಿಯಾಗಿತ್ತು.

ಅವರು ಇನ್ನೊಂದು ಬಿಲ್ಲೆ ಹಾಕಿದರು. ಹಟಕ್ಕೆ. ಹಿಡಿಯನ್ನು ಹಿಂದಕ್ಕೆಳೆದು ಬಿಟ್ಟಾಗ ಗುಂಡು ಓಡಿಹೋಗಿ ಮೇಲಿನ ಮೂರು ಅಣಬೆಯಾಕಾರದ ಗುಬುಟುಗಳ ನಡುವೆ ಬಡಿದಾಡಿತು. ಒಳಗೆ ನಿಜವಾದ ಗಂಟೆಗಳು ಠಣ್ ಠಣ್ ಎಂದವು. ಎದುರಿನ ಗಾಜಿನ ಹಿಂದೆ ಅಂಕಿ ಬರೆದ ಚಕ್ರಗಳು, ಜೀಪಿನ ಮೈಲಿ ಮೀಟರಿನಂತೆ, ಒಂದೊಂದಾಗಿ ಉರುಳಿದವು. ಮೊದಲ ಸಲ ಗುಂಡು ಅವರ ಮಾತು ಕೇಳುವಂತೆ ಕಂಡಿತು.

ಆಗಲೇ ಕರೆಂಟು ಹೋಯಿತು.

ಚನ್ನರಾಯಪ್ಪನವರ ಬಾಯಿಂದ ಹೊರಟ ಮಾತನ್ನು ಭಾರತಮ್ಮ ಕೇಳಿಸಿಕೊಳ್ಳದವರಂತೆ ತಿರುಗಿದರು. ಇನ್‌ಸ್ಪೆಕ್ಟರು ಟೋಪಿ ತೆಗೆದುಕೊಂಡು ಹೊರಡಲು ಅನುವಾದರು.

"ಉಂಡಂಡಿ ಸಾರ್, ಸ್ವಲ್ಪ ಇರಿ. ಬರುತ್ತೆ. ನಿಮ್ಮ ನಂಬರ್ ಎಲ್ಲೂ ಹೋಗಲ್ಲ, ಹಂಗೇ ಇರುತ್ತೆ."

ಕಿಟಕಿಯ ಬೆಳಕಿನಲ್ಲಿ ಅವರು ಗಾಜಿನತ್ತ ಬಗ್ಗಿ ನೋಡಿದರು. ದೀಪಗಳು ಆರಿದ್ದವು. ಅಂಕಿಯ ಚಕ್ರಗಳು ಮಾತ್ರ ನಿಂತಲ್ಲೇ ನಿಂತಿದ್ದವು. ಅವರು ಗಳಿಸಿದ ಅಷ್ಟೂ ಅಂಕಿ ಅಲ್ಲೇ ಇತ್ತು. ಇನ್ನೊಂದು ಕಾಫಿ ಮುಗಿಯುವಷ್ಟರಲ್ಲಿ ಕರೆಂಟು ಬಂತು, ದೀಪ ಹೊತ್ತಿತು, ರೆಕ್ಕೆಗಳಿಗೆ ಜೀವ ಬಂತು. ಮುಂದಿನ ಗುಂಡು ಬಂದು ನಿಂತಿತು. ಆಟ ನಿಂತಲ್ಲಿಂದ ಮುಂದುವರಿಯಿತು.

ಚನ್ನರಾಯಪ್ಪನವರು ಹಿಡಿಯನ್ನು ಎಳೆಯಲಿಲ್ಲ. ಅವರಿಗೆ ಪೆದ್ದಪ್ಪನ ಹೇಳಿಕೆ ನೆನಪಾಗಿತ್ತು.

'ನಾನು ಬಾಗಿಲ ಹತ್ತಿರದ ಹೊಸ ಮೆಷಿನ್ನಿನಲ್ಲಿ ಆಡುತ್ತಿದ್ದೆ. ಒಳಗಡೆ ಭಾವನೂ ಕದಿರೇಶನೂ ಜಗಳವಾಡುತ್ತಿದ್ದರು. ಕರೆಂಟು ಹೋಯಿತು. ಕತ್ತಲಲ್ಲಿ ಏನೋ ಬಿದ್ದ ಸದ್ದಾಯಿತು. ನನ್ನ ಆಟ ಬೇರೆಯವರು ಹಿಡಿಯದಿರಲಿ ಎಂದು ನಾನು ಅಲ್ಲೇ ನಿಂತಿದ್ದೆ. ಕರೆಂಟು ಬಂದಾಗ ನನ್ನ ನಂಬರು ಹಾಗೇ ಇತ್ತು. ಗುಂಡು ಮುಗಿಸಿ ತಿರುಗಿದರೆ ಕದಿರೇಶ ಮೆಟ್ಟಿಲಿಳಿದು ಓಡುತ್ತಿದ್ದ.'

ಆಟದ ಹುಚ್ಚು ಹಿಡಿದವರು ಹಾಗೆ ನಿಲ್ಲುವುದುಂಟು ಎಂದು ಇನ್‌ಸ್ಪೆಕ್ಟರು ಆಗ ನಂಬಿದ್ದರು. ಈಗ ಅವರನ್ನು ಕಾಡಿದ್ದು ಬೇರೆಯದೇ ಪ್ರಶ್ನೆ. ಈ ಹಳೆಯ ಮೆಷಿನ್ನಿನ ಅಂಕಿ ಉಳಿಯುತ್ತದೆ, ಸರಿ. ಹೊಸದರದ್ದು?

*

ಕೋಲಾರಕ್ಕೆ ಬಂದರೆ ಹಾಲಿನ ಬೀಗದ ಕೈ ಠಾಣೆಯಲ್ಲಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ನರಸಿಂಹಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದೋಬಸ್ತಿಗೆ ಹೋಗಿದ್ದರು. ಅವರನ್ನು ಕರೆಸಿ, ಪಂಚರನ್ನು ಹುಡುಕಿ, ಸೀಲು ಒಡೆದು ಒಳಗೆ ಹೋದರೆ ದೀಪ ಹೊತ್ತಲಿಲ್ಲ. ಮಾಲೀಕ ಸತ್ತ ಮೇಲೆ ಯಾರೋ ಫ್ಯೂಸು ಕಿತ್ತು ಹೋಗಿದ್ದರು. ಲೈನ್‌ಮನ್ ಊಟಕ್ಕೆ ಹೋದವನು ಬರಲೇ ಇಲ್ಲ. ಚನ್ನರಾಯಪ್ಪ ಮಹಡಿಯ ಮೆಟ್ಟಿಲ ಮೇಲೆ ಕೂತು ಅಂತರಗಂಗೆ ಬೆಟ್ಟದ ಬಿಸಿಲನ್ನು ನೋಡುತ್ತ ಒಂದಾದ ಮೇಲೊಂದು ಸಿಗರೇಟು ಸುಟ್ಟರು.

ಅಷ್ಟರಲ್ಲಿ ಠಾಣೆಯಿಂದ ಪೇದೆಯೊಬ್ಬ ಓಡಿಬಂದ. ಡಿ.ವೈ.ಎಸ್.ಪಿ. ಸಾಹೇಬರು ಫೋನಿನಲ್ಲಿದ್ದಾರಂತೆ. ಹೋಗಿ ಮಾತಾಡಿದರು. ಚಾರ್ಜ್‌ಶೀಟು ಯಾವಾಗ ಎಂದು ಅವರ ಪ್ರಶ್ನೆ. ಒಂದು ಮೆಷಿನ್ನು ಪರೀಕ್ಷೆ ಮಾಡುವುದಿದೆ ಎಂದರು ಚನ್ನರಾಯಪ್ಪ.

"ಆಟದ ಸಾಮಾನು ನಂಬ್ಕೊಂಡು ಕೊಲೆ ಕೇಸ್ ಬಿಡ್ತೀರೇನ್ರೀ?" ಎಂದು ಆ ಕಡೆಯಿಂದ ಬಂತು. ಉತ್ತರ ಕೇಳುವ ಮೊದಲೇ ಫೋನು ಇಟ್ಟದ್ದಾಗಿತ್ತು.

ಲೈನ್‌ಮನ್ ಬಂದು ಫ್ಯೂಸು ಹಾಕಿದ. ಕೋಣೆಯ ಬಾಗಿಲ ಬಳಿ ಹೊಸ ಮೆಷಿನ್ನು ಒಮ್ಮೆಗೇ ಎಚ್ಚರಾಯಿತು.

ಇದು ಮದ್ರಾಸಿನಿಂದ ಬಂದದ್ದು. ಅದಕ್ಕೂ ಹಳೆಯದಕ್ಕೂ ಗಾಜು, ಗುಂಡು, ಎರಡು ರೆಕ್ಕೆ ಇಷ್ಟು ಬಿಟ್ಟರೆ ಯಾವ ನಂಟೂ ಕಾಣಲಿಲ್ಲ. ಗಂಟೆಯ ಬದಲು ಕೀಕ್ ಕೀಕ್ ಎಂಬ ಸದ್ದು, ಇಳಿಯುವ ವಿಮಾನದಂತೆ ಒಂದು ಗುಂಯ್‌ಗುಡುವಿಕೆ. ಚಕ್ರದ ಬದಲು ಕಿತ್ತಳೆ ಬಣ್ಣದಲ್ಲಿ ಉರಿಯುವ ಅಂಕಿಗಳು. ಹಳೆಯದರಲ್ಲಿ ಗುಂಡು ಎಲ್ಲಿ ಹೋಗುತ್ತದೆಂದು ಕಣ್ಣಿಗೆ ಕಾಣುತ್ತಿತ್ತು. ಇದರಲ್ಲಿ ಅದು ಎಲ್ಲಿಗೆ ಹೋಯಿತೆಂದು ಆಮೇಲಷ್ಟೇ ಗೊತ್ತಾಗುತ್ತಿತ್ತು. ಹಳೆಯದು ಸಾವಿರ ಕೊಡಲು ಸತಾಯಿಸಿದರೆ ಇದು ಸುಮ್ಮನೆ ತಗುಲಿದ್ದಕ್ಕೂ ಹತ್ತು ಸಾವಿರ ಸುರಿಯುತ್ತಿತ್ತು. ಆದರೂ ಚನ್ನರಾಯಪ್ಪನವರ ಗುಂಡು ಇಲ್ಲೂ ಸಂದಿಯನ್ನೇ ಹುಡುಕಿಕೊಂಡು ಹೋಯಿತು.

ಮುನಿಯಲ್ಲಪ್ಪ ಹಳೆಯದನ್ನು ಮಾರಿದ್ದು ಯಾಕೆಂದು ಅವರಿಗೆ ಅರ್ಥವಾಯಿತು. ಹಳೆಯದರ ಒಳಗೆ ಕೈಗೆ ಸಿಗುವ ತಂತಿ, ಸುರುಳಿ, ಸ್ವಿಚ್ಚುಗಳು; ದಿನಕ್ಕೊಂದು ಕೆಡುತ್ತಿದ್ದವು. ಹೊಸದನ್ನು ಸಾಲು ನಿಂತು ಆಡುತ್ತಿದ್ದರು. ಕದಿರೇಶ ಯಾಕೆ ಕೂಗಾಡಿದನೆಂಬುದೂ ಅರ್ಥವಾಯಿತು. ಹಳೆಯದರೆದುರು ಸೋತರೆ ತನ್ನ ಕೈಯದೇ ತಪ್ಪೆನ್ನಿಸುತ್ತಿತ್ತು. ಇದು ಸೋಲಿಸಿದರೆ ಮೇಲಿನವರ್ಯಾರೋ ಫೋನು ಇಟ್ಟಂತಿರುತ್ತಿತ್ತು.

ಅವರು ಎರಡನೇ ಗುಂಡು ಬಿಟ್ಟು, ಅಂಕಿ ಏರಲು ಬಿಟ್ಟು, ನರಸಿಂಹಪ್ಪನಿಗೆ ಕೈ ಸನ್ನೆ ಮಾಡಿದರು. ನರಸಿಂಹಪ್ಪ ಮೇನ್ ಸ್ವಿಚ್ಚು ಎಳೆದರು.

ಕಿತ್ತಳೆ ಅಂಕಿಗಳು ಮಾಯವಾದವು. ಎದುರಿಗೆ ಬರೀ ಕಪ್ಪು ಗಾಜು. ಗುಂಡು ಉರುಳಿ ಒಳಗೆ ಬಿದ್ದ ಸದ್ದು ಕೇಳಿಸಿತು.

"ಹಾಕಿ."

ಮೆಷಿನ್ನು ಮತ್ತೆ ಗುಂಯ್‌ಗುಟ್ಟಿತು. ಅಂಕಿ ಹೊತ್ತಿಕೊಂಡಿತು: ಸಾಲಾಗಿ ಸೊನ್ನೆಗಳು. ಅವರು ಬಟನ್ ಒತ್ತಿದರು. ರೆಕ್ಕೆ ಮಿಸುಕಲಿಲ್ಲ. ಆಡಬೇಕೆಂದರೆ ಹೊಸದಾಗಿ ಬಿಲ್ಲೆ ಹಾಕಬೇಕು.

ಮತ್ತೊಮ್ಮೆ ಮಾಡಿಸಿದರು. ಮತ್ತೂ ಒಮ್ಮೆ. ಪ್ರತಿ ಸಲವೂ ಸೊನ್ನೆ. ಕರೆಂಟು ಹೋದರೆ ಈ ಮೆಷಿನ್ನಿನಲ್ಲಿ ಆಟವೂ ಹೋಗುತ್ತಿತ್ತು, ಆಡಿದವನ ನಂಬರೂ ಹೋಗುತ್ತಿತ್ತು.

"ಅಲ್ಲಾ ಸಾರ್," ಎಂದರು ನರಸಿಂಹಪ್ಪ, ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ, "ಹಂಗಾದ್ರೆ ಆ ಪೆದ್ದಪ್ಪ ಆಟ ಮುಂದುವರಿಸಿದ್ದು ಎಲ್ಲಿ?"

"ಎಲ್ಲೂ ಇಲ್ಲ," ಎಂದರು ಇನ್‌ಸ್ಪೆಕ್ಟರು. "ಅವನು ಈ ಮೆಷಿನ್ನು ಮುಟ್ಟೇ ಇಲ್ಲ. ಹಳೇದರ ಗುಣ ಇದಕ್ಕೂ ಇರುತ್ತೆ ಅಂದ್ಕೊಂಡು ಹೇಳಿಕೆ ಕೊಟ್ಟಿದ್ದಾನೆ."

ಒಂದು ವಾರದಲ್ಲಿ ಮೊದಲ ಸಲ ಅವರ ಕೈಗೆ ಏನೋ ಸಿಕ್ಕಿತ್ತು. ಸಂತೋಷವಾಗಬೇಕಿತ್ತು. ಆದರೆ ಒಂದು ವಾರ ಒಬ್ಬ ಯುವಕನನ್ನು ಸುಳ್ಳು ಸಾಕ್ಷಿಯ ಮೇಲೆ ಕೂಡಿಹಾಕಿದ್ದೆ ಎಂಬ ಸಂಕಟವೇ ಮುಂದೆ ಬಂತು.

ಮಾರನೆಯ ದಿನ ಕದಿರೇಶನ ಪೊಲೀಸ್ ಕಸ್ಟಡಿ ಮುಗಿಯುವುದಿತ್ತು. ಇನ್ನಷ್ಟು ದಿನ ಬೇಕೆಂದು ಕೇಳಲು ಸಾಹೇಬರು ಹೇಳಿದ್ದರು. ಚನ್ನರಾಯಪ್ಪ ಕೇಳಲಿಲ್ಲ. ಬೆಳಿಗ್ಗೆ ತಾವೇ ಕೂತು, ಈತನ ಮೇಲೆ ಸಾಕ್ಷ್ಯ ಸಾಲದು ಎಂದು ಕೋರ್ಟಿಗೆ ವರದಿ ಬರೆದರು. ಅದನ್ನೂ ಕದಿರೇಶನನ್ನೂ ನರಸಿಂಹಪ್ಪನ ವಶಕ್ಕೆ ಕೊಟ್ಟರು.

ಬಿಡುಗಡೆಯಾಗುತ್ತದೆ ಎಂದಾಗ ಕದಿರೇಶ ಹಿಗ್ಗಲಿಲ್ಲ. ಕುರುಚಲು ಗಡ್ಡ ಬೆಳೆದ ಮುಖ ತಗ್ಗಿಸಿ, ಇವತ್ತೇ ಹೋಗಬೇಕಾ ಎಂದು ಕೇಳಿದ. ಒಂದು ವಾರ ಒಳಗಿದ್ದವನಿಗೆ ಮಂಕು ಕವಿದಿದೆ ಎಂದುಕೊಂಡು ಇನ್‌ಸ್ಪೆಕ್ಟರು ಜೀಪು ಹತ್ತಿ ಮುಳಬಾಗಿಲಿನ ರಸ್ತೆ ಹಿಡಿದರು.

*

ಪೆದ್ದಪ್ಪ ಮನೆಯಲ್ಲಿರಲಿಲ್ಲ. ಹೊಲದಲ್ಲೂ ಇರಲಿಲ್ಲ. ಕುರುಡುಮಲೆ ರಸ್ತೆಯಲ್ಲಿ ಜೀಪು ಎರಡು ಸಲ ಹಿಂದೆ ಮುಂದೆ ಓಡಾಡಿದ ಮೇಲೆ ಹಿಪ್ಪುನೇರಳೆ ತೋಟದ ನಡುವಿನ ಹುಳು ಮನೆಯಲ್ಲಿ ಸಿಕ್ಕಿದ.

ರೇಷ್ಮೆ ಹುಳುಗಳು ಕೊನೆಯ ಜ್ವರ ಎದ್ದು, ಪೊರೆ ಕಳಚಿ, ಮೇಯುತ್ತಿದ್ದವು. ತಟ್ಟೆ ತಟ್ಟೆಗಳಲ್ಲೂ ಸೊಪ್ಪು ಕಡಿಯುವ ಸದ್ದು ಸಣ್ಣ ಮಳೆಯಂತೆ ಸುರಿಯುತ್ತಿತ್ತು. ಪೆದ್ದಪ್ಪ ಬಾಗಿಲಲ್ಲೇ ತಡೆದು, ಬೂಟು ಹೊರಗೆ ಬಿಡಬೇಕು, ಸಿಗರೇಟಿನ ವಾಸನೆಯೂ ಹುಳುವಿಗೆ ಆಗದು ಎಂದು ನಯವಾಗಿ ಹೇಳಿದ. ಚನ್ನರಾಯಪ್ಪ ಹಚ್ಚಿದ್ದ ಸಿಗರೇಟನ್ನು ತುಳಿದು, ಬೂಟು ಕಳಚಿ, ಕಾಲುಚೀಲದಲ್ಲಿ ಒಳಗೆ ಹೋದರು. ಸಿಟ್ಟು ಮೂಗಿನ ತುದಿಯಲ್ಲಿತ್ತು. ಆದರೂ ಮೆಲ್ಲಗೇ ಶುರು ಮಾಡಿದರು.

ಹೇಳಿಕೆಯನ್ನು ಇನ್ನೊಮ್ಮೆ ಹೇಳಿಸಿದರು. ಪೆದ್ದಪ್ಪ ತಟ್ಟೆಗೆ ಸೊಪ್ಪು ಹರಡುತ್ತಲೇ ಹೇಳಿದ. ಒಂದು ಮಾತೂ ಆಚೀಚೆಯಾಗಲಿಲ್ಲ. ಜಗಳ, ಕತ್ತಲು, ಸದ್ದು, ಓಡಿದ ಕದಿರೇಶ.

"ಹೊಸ ಮೆಷಿನ್ನಲ್ಲಿ ಆಡ್ತಿದ್ದೆ ಅಂದೆಯಲ್ಲ," ಎಂದರು ಇನ್‌ಸ್ಪೆಕ್ಟರು. "ಗಂಟೆ ಬಾರಿಸ್ತಾ?"

"ಬಾರಿಸ್ದೆ ಇರುತ್ತಾ ಸಾರ್. ಠಣ್ ಠಣ್ ಅಂತ ಬಾರಿಸ್ತಾನೇ ಇತ್ತು."

"ಕರೆಂಟ್ ಬಂದ ಮೇಲೆ?"

"ಬಂದ ಮೇಲೆ ನಂಬರು ಅಲ್ಲೇ ಇತ್ತು. ಗುಂಡು ಮುಗಿಸ್ದೆ."

"ಆ ಮೆಷಿನ್ನಿಗೆ ಗಂಟೆಯೇ ಇಲ್ಲ ಪೆದ್ದಪ್ಪ."

ಸೊಪ್ಪು ಹರಡುತ್ತಿದ್ದ ಕೈ ನಿಂತಿತು.

"ಕರೆಂಟ್ ಹೋದ್ರೆ ಅದರಲ್ಲಿ ನಂಬರೂ ಉಳಿಯಲ್ಲ. ಸೊನ್ನೆ ಆಗುತ್ತೆ. ನೀನು ಹೇಳ್ತಿರೋದು ಶ್ರೀನಿವಾಸಪುರಕ್ಕೆ ಹೋದ ಹಳೇ ಮೆಷಿನ್ನಿನ ಕತೆ. ಹೊಸದನ್ನ ನೀನು ಒಂದು ಸಲಾನೂ ಆಡಿಲ್ಲ."

ಪೆದ್ದಪ್ಪ ತಟ್ಟೆಯ ಕಡೆ ಬಗ್ಗಿದ. ಆಮೇಲೆ, ತನಗೆ ಸರಿಯಾಗಿ ನೆನಪಿಲ್ಲ, ಭಾವ ಸತ್ತ ದುಃಖದಲ್ಲಿ ಏನೋ ಹೇಳಿರಬಹುದು ಎಂದ. ಇನ್‌ಸ್ಪೆಕ್ಟರು ಕೇಳಿಸಿಕೊಂಡರು. ಸುಳ್ಳು ಸಾಕ್ಷಿ ಹೇಳಿದವನಿಗೆ ಎಂಥ ಶಿಕ್ಷೆಯೆಂದು ವಿವರಿಸಿದರು. ಅವನು ಆಗಲೂ ತಟ್ಟೆಯನ್ನೇ ನೋಡುತ್ತಿದ್ದ. ಸತ್ತವನ ಆಸ್ತಿ ಯಾರಿಗೆ ಹೋಗುತ್ತದೆ, ಅಕ್ಕನ ಪರವಾಗಿ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ಆಗ ಮಾತ್ರ ಅವನು ತಲೆಯೆತ್ತಿದ.

"ಭಾವನ್ನ ನಾನು ಹೊಡೆದೆ ಅಂತೀರಾ ಸಾರ್?"

"ಹೊಡೆದಿಲ್ಲ ಅಂದ್ರೆ ಎಲ್ಲಿದ್ದೆ, ಹೇಳು."

"ಬಸ್ಸಲ್ಲಿದ್ದೆ." ಅವನು ಕೈಯ ಸೊಪ್ಪನ್ನು ಬುಟ್ಟಿಗೆ ಹಾಕಿದ. "ಇಲ್ಲಿಂದ ಹೊರಟ ಬಸ್ಸು. ಕೋಲಾರದಲ್ಲಿ ಇಳಿಯೋ ಹೊತ್ತಿಗೆ ಕರೆಂಟ್ ಬಂದಿತ್ತು. ಹಾಲಿಗೆ ಹತ್ತಿ ನೋಡಿದ್ರೆ ಭಾವ ಬಿದ್ದಿದ್ರು. ಕೂಗ್ಕೊಂಡು ಕೆಳಗೆ ಓಡಿದ್ದು ನಾನು. ಕದಿರೇಶನ್ನ ನಾನು ಅವತ್ತು ನೋಡೇ ಇಲ್ಲ."

ಕಂಡಕ್ಟರ್ ಪರಿಚಯದವನು, ಕೇಳಬಹುದು ಎಂದೂ ಹೇಳಿದ. ಚನ್ನರಾಯಪ್ಪನವರಿಗೆ ಅದು ನಿಜವೆಂದು ಅವನ ದನಿಯಲ್ಲೇ ಗೊತ್ತಾಯಿತು. ನಿಜವೆಂದು ಗೊತ್ತಾದಷ್ಟೂ ರೇಗಿತು. ಮತ್ತೊಬ್ಬ ಶಂಕಿತ ಕೈಯಿಂದ ಜಾರುತ್ತಿದ್ದ.

"ನೋಡದೇ ಇದ್ದವನ ಮೇಲೆ ಕೊಲೆ ಹೊರಿಸಿದೆಯಲ್ಲೋ. ಏನು ಮಾಡಿದ್ದ ಅವನು ನಿನಗೆ?"

ಪೆದ್ದಪ್ಪ ಬಾಗಿಲಿಗೆ ಹೋಗಿ ಹೊರಗೆ ಯಾರೂ ಇಲ್ಲವೆಂದು ನೋಡಿ ಬಂದ. ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತ. ಆಮೇಲೆ ಅವನು ಹೇಳಿದ್ದನ್ನು ಚನ್ನರಾಯಪ್ಪ ನಿಂತೇ ಕೇಳಿದರು.

ಚಿಕ್ಕವನಿದ್ದಾಗ ಪೆದ್ದಪ್ಪ ಮಾಲೂರಿನಲ್ಲಿ ಓದಿದ್ದ. ಉಳಿದುಕೊಂಡಿದ್ದು ದೂರದ ನೆಂಟರಾದ ಶ್ಯಾಮಲಮ್ಮನವರ ಮನೆಯಲ್ಲಿ. ಮೂರು ವರ್ಷ ಆಕೆಯ ಕೈಯ ಮುದ್ದೆ ತಿಂದು ಬೆಳೆದವನು. ಆ ಶ್ಯಾಮಲಮ್ಮನೇ ಕದಿರೇಶನ ತಾಯಿ. ಮುನಿಯಲ್ಲಪ್ಪ ಸತ್ತ ಮಾರನೆಯ ಬೆಳಿಗ್ಗೆ, ಪೊಲೀಸರು ಕದಿರೇಶನನ್ನು ಮನೆಯಿಂದ ಕರೆದುಕೊಂಡು ಹೋದ ಮೇಲೆ, ಆಕೆ ಸಾವಿನ ಮನೆಗೆ ಬಂದಿದ್ದಳು. ಎಲ್ಲರೂ ಅವಳನ್ನು ಬೈದು ಅಟ್ಟಲು ನಿಂತರು. ಆಕೆ ಪೆದ್ದಪ್ಪನನ್ನು ಹಿತ್ತಲಿಗೆ ಕರೆದು ಕೈ ಹಿಡಿದುಕೊಂಡಳು.

"ಬಿಡಿಸಿ ಕೊಡು ಅಂತ ಕೇಳ್ತಾಳೆ ಅಂದ್ಕೊಂಡೆ ಸಾರ್," ಎಂದ ಪೆದ್ದಪ್ಪ. "ಅವಳು ಕೇಳಿದ್ದು, ನನ್ನ ಮಗ ಹೊರಗೆ ಬರದ ಹಂಗೆ ಮಾಡಪ್ಪ ಅಂತ."

ಚನ್ನರಾಯಪ್ಪನವರಿಗೆ ತಾವು ಸರಿಯಾಗಿ ಕೇಳಿಸಿಕೊಂಡಿಲ್ಲ ಎನ್ನಿಸಿತು.

"ಬರದ ಹಾಗೆ?"

"ಹೂಂ ಸಾರ್. ಕರೆಂಟ್ ಹೋದಾಗ ಕದಿರೇಶ ಮೆಟ್ಟಿಲಿಳೀತಿದ್ನಂತೆ. ಯಾರೋ ಎದುರಿಗೆ ಹತ್ತಿ ಬಂದ್ರಂತೆ. ಕೈಯಲ್ಲಿ ಟಾರ್ಚ್ ಇತ್ತಂತೆ. ಇವನೂ ಅವರ ಮುಖ ನೋಡ್ದ, ಅವರೂ ಇವನ್ನ ನೋಡಿದ್ರು. ರಾತ್ರಿ ಮನೆಗೆ ಹೋಗಿ ಸುದ್ದಿ ಕೇಳಿದ ಮೇಲೆ ಇವನಿಗೆ ಅರ್ಥ ಆಯ್ತು. ಅಮ್ಮಾ ನಾನು ಉಳಿಯಲ್ಲ, ಅವರು ನನ್ನ ಬಿಡಲ್ಲ ಅಂದ್ನಂತೆ. ಯಾರು ಅಂತ ತಾಯಿಗೂ ಹೇಳ್ಲಿಲ್ಲ. ಹೆಸರು ಗೊತ್ತಾದ್ರೆ ನಿನಗೂ ಆಪತ್ತು ಅಂದ್ನಂತೆ."

"ಅದಕ್ಕೆ ನೀನು ಸುಳ್ಳು ಸಾಕ್ಷಿ ಹೇಳಿದೆ."

"ಲಾಕಪ್ಪಲ್ಲಿದ್ರೆ ಸುತ್ತ ಪೊಲೀಸ್ರು ಇರ್ತಾರೆ, ಯಾರೂ ಮುಟ್ಟಲ್ಲ ಅನ್ನೋದು ಆ ತಾಯಿ ಲೆಕ್ಕ. ಸಾಕ್ಷಿ ಇಲ್ಲಾಂದ್ರೆ ಸಂಜೆಗೇ ಬಿಟ್ಬಿಡ್ತಾರೆ, ನೀನೊಬ್ಬ ನೋಡ್ದೆ ಅಂತ ಹೇಳಪ್ಪ ಅಂದ್ಳು. ಹೆತ್ತ ತಾಯಿ ಸಾರ್, ಮಗನ ಮೇಲೆ ಕೊಲೆ ಹೊರಿಸು ಅಂತ ಕಾಲು ಹಿಡೀತಿದ್ದಾಳೆ. ನಾನು ಏನ್ ಮಾಡ್ಲಿ."

"ನನ್ನ ಹತ್ತಿರ ಬಂದು ನಿಜ ಹೇಳಬಹುದಿತ್ತು."

ಪೆದ್ದಪ್ಪ ನೆಲಕ್ಕೆ ಬಿದ್ದಿದ್ದ ಎಲೆಯೊಂದನ್ನು ಎತ್ತಿ ಬುಟ್ಟಿಗೆ ಹಾಕಿದ. "ಒಂದು ವಾರದೊಳಗೆ ನೀವೇ ನಿಜವಾದೋರನ್ನ ಹಿಡೀತೀರಿ ಅಂದ್ಕೊಂಡಿದ್ವಿ ಸಾರ್," ಎಂದ.

ಅದರಲ್ಲಿ ವ್ಯಂಗ್ಯವಿರಲಿಲ್ಲ. ಅದಕ್ಕೇ ಚನ್ನರಾಯಪ್ಪನವರಿಗೆ ಅದು ಕೆನ್ನೆಗೆ ಬಿದ್ದಂತಾಯಿತು. ಒಂದು ವಾರ ಮೆಷಿನ್ನು, ಬೆರಳಚ್ಚು, ಅಂಗಡಿಯವರ ಮಾತು ಎಂದು ಸುತ್ತಿದ್ದರು. ಲಾಕಪ್ಪಿನಲ್ಲಿ ಕೂತಿದ್ದವನು ಯಾಕೆ ಬಾಯಿ ಬಿಡುತ್ತಿಲ್ಲ ಎಂದು ಬೈದಿದ್ದರು. ತನ್ನನ್ನು ಬಿಡಿ ಎಂದು ಅವನು ಯಾಕೆ ಒಮ್ಮೆಯೂ ಬೇಡಿಕೊಳ್ಳುತ್ತಿಲ್ಲ ಎಂದು ಯೋಚಿಸಿರಲಿಲ್ಲ.

"ಅವನು ಒಳಗೇ ಇದ್ದಾನೆ ತಾನೆ ಸಾರ್?" ಎಂದ ಪೆದ್ದಪ್ಪ.

ಇನ್‌ಸ್ಪೆಕ್ಟರು ಆಗಲೇ ಬಾಗಿಲು ದಾಟಿದ್ದರು. ಬೂಟಿನ ದಾರ ಕಟ್ಟಲಿಲ್ಲ. ಪೆದ್ದಪ್ಪನನ್ನೂ ಜೀಪಿಗೆ ಹತ್ತಿಸಿಕೊಂಡರು.

ಮುಳಬಾಗಿಲು ಠಾಣೆಯ ಫೋನು ಹತ್ತಿರದ ಕೋಲಾರಕ್ಕೆ ಸಿಗಲು ದೆಹಲಿಗೆ ಸಿಗುವಷ್ಟು ಹೊತ್ತು ಹಿಡಿಯಿತು. ಮೊದಲ ಸಲ ಬೇರೆ ಯಾರದೋ ಸಂಸಾರದ ಮಾತು ಕೇಳಿಸಿತು. ಎರಡನೇ ಸಲ ಎಕ್ಸ್‌ಚೇಂಜಿನವರು ಲೈನು ಬಿಜಿ ಎಂದರು. ಚನ್ನರಾಯಪ್ಪ ರಿಸೀವರನ್ನು ಮೇಜಿಗೆ ಕುಕ್ಕಿ, ಮತ್ತೆ ಎತ್ತಿದರು. ಕಸ್ಟಡಿ ಮುಗಿದ ಕೈದಿಯನ್ನು ಕೋರ್ಟು ಬಿಡುವುದು ಮಧ್ಯಾಹ್ನದ ಮೇಲೆ, ಇನ್ನೂ ಹೊತ್ತಿದೆ ಎಂದು ತಮಗೆ ತಾವೇ ಹೇಳಿಕೊಂಡರು. ಪೆದ್ದಪ್ಪ ಗೋಡೆಯ ಬಳಿ ಕೈ ಕಟ್ಟಿ ನಿಂತಿದ್ದ.

ಕೊನೆಗೆ ನರಸಿಂಹಪ್ಪನ ದನಿ, ಬಾವಿಯೊಳಗಿನಿಂದ ಬಂದಂತೆ, ಕೇಳಿಸಿತು.

"ಕದಿರೇಶನ್ನ ಕೋರ್ಟಿಗೆ ಕರ್ಕೊಂಡು ಹೋಗಬೇಡಿ," ಎಂದರು ಇನ್‌ಸ್ಪೆಕ್ಟರು. "ಠಾಣೆಯಲ್ಲೇ ಕೂರಿಸಿಕೊಳ್ಳಿ. ನಾನು ಬರ್ತಿದ್ದೀನಿ."

"ಅದೆಲ್ಲ ಮುಗೀತು ಸಾರ್. ಇವತ್ತು ಮೊದಲನೇ ಕೇಸೇ ನಮ್ಮದು. ನಿಮ್ಮ ವರದಿ ನೋಡಿ ಬಿಟ್ಟುಬಿಟ್ರು."

"ಈಗ ಎಲ್ಲಿದ್ದಾನೆ?"

"ಊರಿಗೆ ಹೋದ ಸಾರ್. ಅವನ ಚಿಕ್ಕಪ್ಪ ಬಂದಿದ್ರು, ಕೋರ್ಟ್ ಬಾಗಿಲಲ್ಲೇ ಕಾಯ್ತಿದ್ರು. ಕಾರು ತಂದಿದ್ರು. ದೊಡ್ಡ ಮನುಷ್ಯರು, ನನಗೂ ಕೈ ಮುಗಿದು ಮಾತಾಡಿದ್ರು. ಮಾಲೂರಿಗೆ ಬಿಡ್ತೀನಿ ಅಂತ ಕರ್ಕೊಂಡು ಹೋದ್ರು."

ಇವತ್ತು ಬಿಡುಗಡೆಯೆಂದು ಹೊರಗಿನವರು ಯಾರಿಗೂ ಗೊತ್ತಿರಲಿಲ್ಲ. ಚನ್ನರಾಯಪ್ಪ ರಿಸೀವರಿನ ಬಾಯಿಗೆ ಅಂಗೈ ಒತ್ತಿ ಹಿಡಿದು ತಿರುಗಿದರು.

"ಕದಿರೇಶನ ಚಿಕ್ಕಪ್ಪನ ಹೆಸರೇನು?"

ಪೆದ್ದಪ್ಪ ಗೋಡೆ ಬಿಟ್ಟು ಮುಂದೆ ಬಂದ. "ಅವರಪ್ಪ ಒಬ್ಬನೇ ಮಗ ಸಾರ್," ಎಂದ. "ಅವನಿಗೆ ಚಿಕ್ಕಪ್ಪ ಅನ್ನೋರೇ ಇಲ್ಲ."

ಇನ್‌ಸ್ಪೆಕ್ಟರು ಅಂಗೈ ತೆಗೆದರು. ಆ ಕಡೆ ನರಸಿಂಹಪ್ಪ ಮಾತು ನಿಲ್ಲಿಸಿರಲಿಲ್ಲ. ಏನೂ ಅರಿಯದ, ತೃಪ್ತಿಯ ದನಿಯಲ್ಲಿ ವರದಿ ಒಪ್ಪಿಸುತ್ತಲೇ ಇದ್ದರು.

"...ಅವರನ್ನ ನೋಡಿದ್ದೇ ಕದಿರೇಶ ಬಿಳುಚಿಕೊಂಡ ಸಾರ್. ಕಾರು ಹತ್ತಲ್ಲ ಅಂತ ಕೋರ್ಟಿನ ಕಂಬ ತಬ್ಬಿಕೊಂಡು ನಿಂತುಬಿಟ್ಟ. ನಾಚಿಕೆ ಇರಬೇಕು ಪಾಪ. ನಾನೇ ಸಮಾಧಾನ ಹೇಳಿ, ಕೈ ಹಿಡಿದು, ಒಳಗೆ ಕೂರಿಸಿ ಬಾಗಿಲು ಹಾಕಿದೆ."